ದೂರದ ಗುಡ್ಡದ ಕಪ್ಪು

ಅಕ್ಕ ಶಾಲೆಯಲ್ಲಿ ಡ್ರಾಯಿಂಗ್ ಟೀಚರು, ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಲವತ್ತು ದಾಟಿದ ಮೇಲೆ ಅವನಿಗೆ ಪೆನ್ಸಿಲ್ ಹುಚ್ಚು ಹಿಡಿಯಿತು. ಊಟದ ಬಿಡುವಿನಲ್ಲಿ ಡಿಪೋದ ತಾರಸಿ ಹತ್ತಿ, ಎದುರಿನ ಬಯಲನ್ನೂ ಅದರಾಚೆಯ ಕಲ್ಲುಗುಡ್ಡವನ್ನೂ ಬರೆಯುತ್ತಿದ್ದ. “ಮೈಗೆ ಮೆತ್ತಿರೋ ಗ್ರೀಸ್ ಸಾಲ್ದು ಅಂತ ಹಾಳೆಗೂ ಕಪ್ಪು ಬಳೀತಾನೆ,” ಎಂದು ಜೊತೆಯವರು ಕಾಡಿಸಿದರೂ ಬಿಡಲಿಲ್ಲ.

ಆರು ತಿಂಗಳ ನಂತರ ಒಂದು ಭಾನುವಾರ ಆ ಚಿತ್ರಗಳ ಪುಸ್ತಕ ತಂದು ಅಕ್ಕನ ಮುಂದಿಟ್ಟ. ಅವಳು ಪರೀಕ್ಷೆಯ ಚಿತ್ರಗಳನ್ನು ತಿದ್ದಿ ತಿದ್ದಿ ಸುಸ್ತಾಗಿದ್ದಳು. ಮೊದಲ ಹಾಳೆ ನೋಡಿದವಳೇ, “ಗುಡ್ಡ ಯಾಕೋ ಇಷ್ಟು ಕಪ್ಪು? ದೂರದ್ದು ತೆಳು, ಹತ್ತಿರದ್ದು ಗಾಢ. ಆರನೇ ಕ್ಲಾಸಿನ ಮಕ್ಕಳಿಗೂ ಗೊತ್ತು,” ಎಂದಳು.

“ನಂಗೆ ಹಾಗೇ ಕಾಣ್ಸುತ್ತಲ್ಲಕ್ಕಾ.”

“ಕಾಣ್ಸೋದು ಬೇರೆ, ಬರೆಯೋದು ಬೇರೆ,” ಎನ್ನುತ್ತ ರಬ್ಬರ್ ತೆಗೆದುಕೊಂಡು ಗುಡ್ಡವನ್ನು ಉಜ್ಜಿದಳು. ಒಂದಲ್ಲ, ನಾಲ್ಕು ಹಾಳೆಗಳಲ್ಲಿ.

ಅವನು ಹಾಳೆಯ ಮೇಲಿನ ಪುಡಿ ಊದಿ, “ಸರಿ ಬಿಡಕ್ಕಾ,” ಎಂದು ಟೀ ಕುಡಿದು ಹೋದ. ಆಮೇಲೆ ಹೊಸ ಚಿತ್ರ ಎಲ್ಲಿ ಎಂದು ಅವಳು ಕೇಳಿದಾಗಲೆಲ್ಲ ಕೆಲಸದ ನೆವ ಹೇಳಿದ. ಬರಬರುತ್ತ ಅವಳೂ ಕೇಳುವುದನ್ನು ಬಿಟ್ಟಳು.

ಒಂಬತ್ತು ವರ್ಷಗಳಾದ ಮೇಲೆ, ತಮ್ಮ ಅಕ್ಕನ ಮನೆಯಲ್ಲಿ ಮರೆತು ಬಿಟ್ಟುಹೋಗಿದ್ದ ಕನ್ನಡಕ ಕೊಡಲು ಅವಳು ಮೊದಲ ಬಾರಿ ಡಿಪೋಗೆ ಹೋದಳು. ಅವನು ತಾರಸಿಯ ಮೇಲೆ ನೀರಿನ ಟ್ಯಾಂಕ್ ರಿಪೇರಿ ಮಾಡುತ್ತಿದ್ದ. ಮೆಟ್ಟಿಲು ಹತ್ತಿ, ಉಸಿರು ಸುಧಾರಿಸಿಕೊಳ್ಳುತ್ತ ಎದುರಿಗೆ ನೋಡಿದಳು. ಬಸ್ಸುಗಳ ಧೂಳು ಕೂತು ಹತ್ತಿರದ ಪೊದೆಗಳೆಲ್ಲ ಬೂದಿ ಬಳಿದಂತಿದ್ದವು. ಆಚೆ ಕರಿಕಲ್ಲಿನ ಗುಡ್ಡ ಬಾಣಲೆಯ ತಳದಂತೆ ಕಪ್ಪಗಿತ್ತು.

“ನೀನು ಬರೆದಿದ್ದೇ ಸರಿ ಇತ್ತು ಕಣೋ,” ಎಂದಳು.

“ಯಾವುದು?”

“ಗುಡ್ಡ. ಉಜ್ಜೋಕೆ ಮುಂಚೆ ಒಂದ್ಸಲ ಬಂದು ನೋಡ್ಬೇಕಿತ್ತು ನಾನು.”

ಅವನು ಸ್ಪ್ಯಾನರ್ ಕೆಳಗಿಟ್ಟ. “ಮಾರನೇ ದಿನ ಹತ್ತಿ ನೋಡ್ದೆ. ಕಪ್ಪೇ ಇತ್ತು. ಆದ್ರೆ ಟೀಚರು ನೀನು. ನನ್ನ ಕಣ್ಣೇ ಸರಿಯಿಲ್ವೇನೋ ಅನ್ಕೊಂಡೆ.”

ಅವಳು ಕನ್ನಡಕವನ್ನು ಅವನ ಕೈಗಿಟ್ಟು, “ಮತ್ತೆ ಶುರು ಮಾಡೋ,” ಎಂದಳು.

“ಆಗ ಕೈ ತುರಿಸ್ತಿತ್ತು. ಈಗ ಇಲ್ಲಕ್ಕಾ. ನಿನ್ನ ಮೇಲೆ ಸಿಟ್ಟಿಲ್ಲ, ನಿಜವಾಗ್ಲೂ.”

ಸಿಟ್ಟಿದ್ದಿದ್ದರೆ ಬೈಸಿಕೊಂಡಾದರೂ ಹಗುರಾಗಬಹುದಿತ್ತು. ಸುಮ್ಮನಿರಲಾರದೆ ಅವಳು ದಪ್ಪ ಹಾಳೆಯ ಹೊಸ ಪುಸ್ತಕ, ಒಳ್ಳೆಯ ಪೆನ್ಸಿಲುಗಳನ್ನು ಕೊಂಡು ಅವನ ಮನೆಗೆ ಕೊಟ್ಟು ಬಂದಳು.

ತಿಂಗಳಾದ ಮೇಲೆ ಹೋದಾಗ ಪುಸ್ತಕ ಟಿವಿಯ ಪಕ್ಕದಲ್ಲಿತ್ತು. ಆಸೆಯಿಂದ ತೆರೆದಳು. ಮೊದಲ ಮೂರು ಪುಟಗಳಲ್ಲಿ ಬಸ್ಸಿನ ಬಿಡಿಭಾಗಗಳ ಪಟ್ಟಿ, ದುಂಡನೆಯ ಅಕ್ಷರದಲ್ಲಿ.

“ಹಾಳೆ ಬಹಳ ಚೆನ್ನಾಗಿದೆ ಅಕ್ಕಾ,” ಎಂದ ತಮ್ಮ. “ಇಂಕು ಹರಡೋದೇ ಇಲ್ಲ.”