ಊಟ ಆಗಿಲ್ಲರಿ

ಸಾವಿರದ ಒಂಬೈನೂರ ನಲವತ್ತೊಂದರ ಈಸ್ಟರ್ ಪ್ರಾರ್ಥನೆಯಲ್ಲಿ, ಧಾರವಾಡದಲ್ಲಿ, ನಾನು ದೇವರ ಮುಂದೆ ಒಂದು ಮಾತು ಕೊಟ್ಟೆ. ಒಂದು ವರ್ಷ ಬಾಯಿಂದ ಒಂದು ಸುಳ್ಳೂ ಹೊರಡಬಾರದು, ಸಣ್ಣದೂ ಸಹ. ಮಾತೇ ಕಡಿಮೆ ಇರುವವಳಿಗೆ ಇದೇನು ಮಹಾ ಎಂದುಕೊಂಡಿದ್ದೆ. ಆಡಿದ ಮಾತುಗಳನ್ನು ದಿನಚರಿಯಲ್ಲಿ ಬರೆದು ಪರೀಕ್ಷಿಸುತ್ತಿದ್ದೆ. ಅರ್ಧ ಪುಟವೂ ತುಂಬುತ್ತಿರಲಿಲ್ಲ.

ಬಿ.ಎ. ಮುಗಿಸಿ ಹಾನಗಲ್ಲಿನ ಮನೆಗೆ ಬಂದ ಮೇಲೆ, ಅದೇ ತಾಲೂಕಿನ ತಿಳವಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯುವ ಕೆಲಸ ನನಗೆ ಬಂತು. ಬೇಕಾದದ್ದು ಪಾಠ ಹೇಳಲು ಒಂದು ಖೋಲಿ. ಅಲ್ಲಿಯ ಪರಮೇಶ್ವರಪ್ಪಗೌಡರ ಮನೆಗೆ ಹೊಂದಿಕೊಂಡು ಒಂದು ಖೋಲಿ ಖಾಲಿ ಇತ್ತು. ಗೌಡರು ಕೊಟ್ಟರೆ ಆ ಓಣಿಯ ಏಳು ಹುಡುಗಿಯರು ಬರುವರು, ಕೊಡದಿದ್ದರೆ ಒಬ್ಬಳೂ ಇಲ್ಲ. ಇದು ಊರಿಗೇ ಗೊತ್ತಿದ್ದ ಮಾತು.

ಕೇಳಲು ಅಪ್ಪನೂ ನಾನೂ ನಸುಕಿನಲ್ಲೇ ಚಕ್ಕಡಿ ಹತ್ತಿದೆವು. ಅಪ್ಪ ಮಿಶನ್ನಿನ ಉಪದೇಶಿ. ಕ್ರಿಸ್ತನನ್ನು ನಂಬಿದ ಮೇಲೂ ಹೂವಪ್ಪ ಎಂಬ ಹಳೆಯ ಹೆಸರನ್ನು ಬಿಟ್ಟವನಲ್ಲ. ಇಪ್ಪತ್ತು ವರ್ಷದಿಂದ ಆ ಮನೆಯ ಕಟ್ಟೆಯ ಮೇಲೆ ಕೂತು ಅವರ ಕಾಗದಪತ್ರ ಓದಿ ಹೇಳುತ್ತಿದ್ದ. ಹೊಸ್ತಿಲು ದಾಟಿರಲಿಲ್ಲ.

“ಖೋಲಿ ಸುಮ್ನ ಬಿದ್ದೇತಿ, ತಗೋರಿ,” ಎಂದರು ಗೌಡರು. “ನಮ್ಮ ನಾಗವ್ವಗೂ ನಾಕಕ್ಷರ ಬರ್ಲಿ. ಬಾಗಲಾಗ ನಿಂತು ಕಿವಿ ಕೊಟ್ಟಾಳ ನೋಡ್ರಿ, ಕಳ್ಳಿ.”

ಬಾಗಿಲ ಮರೆಯಲ್ಲಿದ್ದ ಅವರ ಒಂಬತ್ತು ವರ್ಷದ ಮಗಳು ನಕ್ಕು ಒಳಗೆ ಓಡಿದಳು. ಗೌಡರ ತಾಯಿ ಹಾಲವ್ವ ಹೊರಗೆ ಬಂದರು.

“ಬಿಸಲು ಏರೇತಿ ಉಪದೇಶಿ. ಊಟಕ್ಕ ಏಳ್ರಿ.”

ಬಂದವರನ್ನು ಊಟಕ್ಕೆ ಏಳಿಸುವುದು ಮರ್ಯಾದೆ. ನಮ್ಮಂಥವರು ಆಗೇತ್ರಿ ಎನ್ನುವುದೂ ಮರ್ಯಾದೆ. ಒಳಗೆ ಕೂರಿಸುವ ಪ್ರಶ್ನೆಯೇ ಏಳದ ಹಾಗೆ ಎರಡೂ ಕಡೆಯವರು ನಡೆಸಿಕೊಂಡು ಬಂದದ್ದು.

“ಆಗೇತ್ರಿ ಅವ್ವಾರ,” ಎಂದ ಅಪ್ಪ.

“ನೀ ಯಾವಾಗ ಬಂದ್ರೂ ಹೊಟ್ಟಿ ತುಂಬಿಸ್ಕೊಂಡ ಬಂದಿರ್ತಿ ಬಿಡಪಾ. ನಿಂದೇನವಾ, ತಂಗಿ?”

ಅಪ್ಪ ಕೆಮ್ಮಿದ. “ಊಟ ಆಗಿಲ್ಲರಿ,” ಎಂದೆ.

“ಚ್ಯಾಷ್ಟಿ ಮಾಡ್ತಾಳ್ರಿ,” ಅಪ್ಪ ನಗಲು ನೋಡಿದ. “ಇಬ್ಬರೂ ರೊಟ್ಟಿ ತಿಂದ ಹೊಂಟೇವಿ.”

“ಹೌದೇನವಾ?” ಹಾಲವ್ವ ನನ್ನನ್ನೇ ಕೇಳಿದರು.

“ಇಲ್ಲರಿ. ಇಬ್ಬರೂ ಏನೂ ತಿಂದಿಲ್ಲ.”

ಹಾಲವ್ವ ಅಪ್ಪನ ಕಡೆ ತಿರುಗಿದರು. “ಅಂದ್ರ ಇಪ್ಪತ್ತು ವರ್ಷ ಉಂಡೇನಿ ಉಂಡೇನಿ ಅಂದಿ. ಎಲ್ಲೆ ಉಣತಿದ್ದಿ?”

ಅಪ್ಪ ಕಾಲ ಹೆಬ್ಬೆರಳು ನೋಡುತ್ತಿದ್ದ. “ಎಲ್ಲೂ ಇಲ್ಲರಿ. ಸಂಜಿಗೆ, ಮನಿಗೆ ಹೋದಮ್ಯಾಲೆ.”

“ಅವ್ವಾ, ಒಳಗ ನಡಿ ನೀ,” ಎಂದರು ಗೌಡರು.

“ಒಳಗ ಹೋಗಿ ಏನ್ ಮಾಡ್ಲಿ? ನಾ ಕರದೇನಿ, ಅವರು ಹಸದೇವಿ ಅಂದಾರ. ಎಲ್ಲೆ ಬಡಸ್ಲಿ ಹೇಳು. ಪಡಸಾಲ್ಯಾಗೋ, ದನದ ಕೊಟಗ್ಯಾಗೋ?”

ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಗೌಡರ ಮುಖ ಕೆಂಪಾಯಿತು. “ಖೋಲಿ ವಿಚಾರ ಮುಂದ ನೋಡೂಣಂತ್ರಿ,” ಎಂದರು.

ಅಪ್ಪನಿಗೆ ಅಷ್ಟು ಸಾಕಿತ್ತು, ಎದ್ದು ನಿಂತ. ನಾನು ಕೇಳಿಯೇಬಿಟ್ಟೆ: “ಮುಂದ ಅಂದ್ರ ಇಲ್ಲ ಅಂತೇನ್ರಿ?”

“ಹೂಂ. ಇಲ್ಲ ಅಂತನ. ಆತಿಲ್ಲ?”

ಹಾಲವ್ವ ನಾಲ್ಕು ರೊಟ್ಟಿಗೆ ಪುಂಡಿಪಲ್ಯ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಕೈಗೆ ಕೈ ತಾಗದಂತೆ ಮೇಲಿನಿಂದ ನನ್ನ ಸೆರಗಿಗೆ ಹಾಕಿದರು. ಕೆರೆಯ ಏರಿಯ ಮೇಲೆ ಕೂತು ತಿಂದೆವು. ಅಪ್ಪ ತನ್ನ ಪಾಲಿನ ಎರಡು ರೊಟ್ಟಿಯನ್ನೂ ಪೂರ್ತಿ ತಿಂದು ಕೈ ತೊಳೆದ.

“ಖೋಲಿ ಹೋಗ್ಲಿ,” ಎಂದ. “ನಿನ್ನ ಸತ್ಯ ನೀ ಹೇಳಿದಿ. ನಂದೂ ನೀನ ಹೇಳಿದಿ. ಅದು ನಂದಿತ್ತವಾ.”

ನಾನು ಹಾಲವ್ವನ ಬಟ್ಟೆಯನ್ನು ಕೊಡವಿ ಮಡಚಿದೆ.

ಖೋಲಿಯನ್ನು ರೋಶನಬಿ ಎಂಬ ಹೆಂಗಸು ಕೊಟ್ಟರು, ಊರಿನ ಇನ್ನೊಂದು ತುದಿಯಲ್ಲಿ. ಮೂವರು ಹುಡುಗಿಯರು ಬಂದರು. ಗೌಡರ ಓಣಿಯಿಂದ ಯಾರೂ ಇಲ್ಲ.

ಶ್ರಾವಣ ಮುಗಿದ ಮೇಲೆ ಒಂದು ಬೆಳಿಗ್ಗೆ ನಾಗವ್ವ ದಾರಿಯಲ್ಲಿ ಸಿಕ್ಕಳು, ತಲೆಯ ಮೇಲೆ ಕೊಡ.

“ಅಕ್ಕೋರ, ಸಾಲಿ ಹ್ಯಾಂಗ ನಡದೇತ್ರಿ?”

“ಚಲೋ ನಡದೇತಿ,” ಎಂದೆ. ನಿಜವನ್ನೇ ಹೇಳಿದ್ದೆ.

ಅವಳು ಮುಂದೆ ಹೋಗಲಿಲ್ಲ. ಕೊಡದ ನೀರು ತುಳುಕಿ ಹಣೆಯ ಮೇಲೆ ಇಳಿಯುತ್ತಿತ್ತು. ನನ್ನ ಕಂಕುಳಲ್ಲಿದ್ದ ಪಾಟಿಗಳನ್ನು ಎಣಿಸುವವಳ ಹಾಗೆ ನೋಡಿದಳು.

“ನಂಗೇನ್ ಸಾಲಿ ಮ್ಯಾಲೆ ಮನಸಿಲ್ಲ ಬಿಡ್ರಿ,” ಎಂದಳು. “ಮನ್ಯಾಗ ರಗಡ ಕೆಲಸ ಐತಿ. ಹೌದಿಲ್ಲೋ?”

ಸುಳ್ಳಾಡದ ನನ್ನ ವರ್ಷ ಮುಗಿಯಲು ಇನ್ನೂ ಏಳು ತಿಂಗಳಿತ್ತು.

“ಹೌದವಾ,” ಎಂದೆ.