ಮೀಟರಮ್ಮನ ಹದಿನೈದು ನಿಮಿಷ

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಅವಳಿಗೆ ಮೀಟರಮ್ಮ ಎಂದು ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಸ್ವಂತ ಮಾವ, ಗಂಡನ ತಂದೆ. ಅಲ್ಲಿನ ನಾಲ್ಕು ಎಲೆಕ್ಟ್ರಿಕ್ ವ್ಯಾನುಗಳಲ್ಲಿ ಒಂದಕ್ಕೆ ಅವರೇ ಡ್ರೈವರು. ಹಾಗೆ ಕರೆಯುವಾಗ ಮೂಗು ಮುರಿಯುತ್ತಿದ್ದರು, ಅದು ಬೇರೆ ಮಾತು.

ವಿಷಯ ಇಷ್ಟೇ. ವ್ಯಾನುಗಳು ಬಂದ ಮೇಲೆ ಕರೆಂಟ್ ಬಿಲ್ಲು ಸಿಕ್ಕಾಪಟ್ಟೆ ಏರಿತ್ತು. ಯಜಮಾನರು ಕೆಂಡಾಮಂಡಲವಾಗಿ, "ಗಾಡಿ ಮಾರಿ, ಸಾಗಾಟ ಹೊರಗಿನವರಿಗೆ ಕೊಟ್ಟುಬಿಡ್ತೀನಿ" ಎಂದರು. ಅಂದರೆ ನಾಲ್ವರೂ ಡ್ರೈವರುಗಳು ಮನೆಗೆ. ಐವತ್ತೆಂಟರ ಮಾವನಿಗೆ ಇನ್ನೆಲ್ಲಿ ಕೆಲಸ? ಸ್ಟಿಯರಿಂಗ್ ಬಿಟ್ಟರೆ ಆ ಜೀವ ಕೊರಗಿ ಹೋಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬಟ್ಟೆ ಒಣಗಿಸುವ ಡ್ರೈಯರ್ ವಿಭಾಗ ಅವಳ ಉಸ್ತುವಾರಿ. ಮೂರು ದಿನ ಮೀಟರಿನ ಮುಂದೆ ನಿಂತು ಕಳ್ಳನನ್ನು ಹಿಡಿದೇಬಿಟ್ಟಳು. ತಿಂಗಳಲ್ಲಿ ಯಾವ ಹದಿನೈದು ನಿಮಿಷ ಕಾರ್ಖಾನೆ ಅತಿ ಹೆಚ್ಚು ಕರೆಂಟ್ ಎಳೆಯುತ್ತದೋ, ಆ ಒಂದು ಅಂಕಿಯ ಮೇಲೆ ಇಡೀ ತಿಂಗಳಿಗೆ ಶುಲ್ಕ. ಆ ಹದಿನೈದು ನಿಮಿಷ ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಎರಡು ದೊಡ್ಡ ಡ್ರೈಯರುಗಳು ತಿರುಗುತ್ತಿರುವಾಗಲೇ ನಾಲ್ಕು ಮಹಾರಾಯರೂ ಬಂದು, ಕೈಕಾಲು ತೊಳೆಯುವ ಮೊದಲೇ ವ್ಯಾನುಗಳನ್ನು ಚಾರ್ಜಿಗೆ ಹಾಕುತ್ತಿದ್ದರು!

"ಒಂದು ತಿಂಗಳು ಕೊಡಿ ಸಾರ್. ತೊಂಬತ್ತೆರಡು ಕಿಲೋವ್ಯಾಟಿಗೆ ಹೋಗಿರೋ ಆ ಅಂಕಿ ಅರವತ್ತೈದು ದಾಟದ ಹಾಗೆ ನೋಡ್ಕೋತೀನಿ."

"ದಾಟಿದ್ರೆ?"

"ಗಾಡಿ ಮಾರಿ."

ಐದಕ್ಕೆ ಡ್ರೈಯರು ನಿಂತ ಮೇಲೆಯೇ ಚಾರ್ಜು, ಅದೂ ಸರದಿ ಪ್ರಕಾರ ಎಂದು ಗೋಡೆಗೆ ಚೀಟಿ ಅಂಟಿಸಿದಳು. "ಗಾಡಿ ಊಟಕ್ಕೂ ಮೀಟರಮ್ಮನ ಅಪ್ಪಣೆ ಬೇಕೇನಪ್ಪಾ!" ಎಂದು ಮಾವ ಎಲ್ಲರೆದುರು ಗೇಲಿ ಮಾಡಿದರು. ಅವಳಿಗೆ ಕಣ್ಣು ತುಂಬಿ ಬಂತು. ಆದರೆ ಚೀಟಿ ಕೀಳಲಿಲ್ಲ.

ಇಪ್ಪತ್ತೊಂಬತ್ತು ದಿನ ಅಂಕಿ ಅರವತ್ತನಾಲ್ಕರಲ್ಲೇ ನಿಂತಿತು. ಕೊನೆಯ ದಿನ ಮೂರು ಗಂಟೆಗೆ ಆಸ್ಪತ್ರೆಯಿಂದ ಫೋನು. ಆಪರೇಷನ್ ಕೋಣೆಯ ಬಟ್ಟೆ ನಾಲ್ಕೂವರೆಗೆ ಬೇಕೇ ಬೇಕು. ಬಟ್ಟೆ ಇಸ್ತ್ರಿಯಾಗಿ ಸಿದ್ಧವಿತ್ತು. ಆದರೆ ಅಲ್ಲಿದ್ದದ್ದು ಮಾವನ ವ್ಯಾನೊಂದೇ, ಅದೂ ಎರಡು ಸುತ್ತು ಹೆಚ್ಚಿಗೆ ಹೊಡೆದು ಬಸವಳಿದಿತ್ತು.

ಮಾವ ಆಗಲೇ ಪ್ಲಗ್ ಹಿಡಿದು ನಿಂತಿದ್ದರು. "ಅರ್ಧ ಗಂಟೆ ಹಾಕಿದ್ರೆ ಹೋಗಿ ಬರಬಹುದು. ಒಂದೇ ಗಾಡಿ ತಾನೇ, ಯಾರಿಗೆ ಗೊತ್ತಾಗುತ್ತೆ?"

"ಮೀಟರಿಗೆ ಗೊತ್ತಾಗುತ್ತೆ ಮಾವ. ಎಪ್ಪತ್ತು ದಾಟಿಬಿಡುತ್ತೆ. ಒಂದೇ ಒಂದು ನಿಮಿಷ ತಡೀರಿ."

ಒಂದು ಡ್ರೈಯರು ನಾಲ್ಕು ವ್ಯಾನಿನಷ್ಟು ಕರೆಂಟ್ ತಿನ್ನುತ್ತದೆ. ಆದರೆ ನಡುವೆ ಡ್ರೈಯರು ನಿಲ್ಲಿಸಬಾರದು ಎಂಬುದು ಯಜಮಾನರ ಕಟ್ಟಪ್ಪಣೆ. ಒಳಗೆ ಹೋಟೆಲಿನ ಟವೆಲುಗಳು ತಿರುಗುತ್ತಿದ್ದವು. ಅವಳು ಸೀದಾ ಹೋಗಿ ಸ್ವಿಚ್ ಆರಿಸಿದಳು. "ಅಯ್ಯೋ, ಬೈಸಿಕೋತೀಯ ಕಣೇ!" ಎಂದಳು ಇಸ್ತ್ರಿಯವಳು.

"ಬೈಸಿಕೊಂಡ್ರೆ ಆಯ್ತು. ಹಗ್ಗ ತಗೊಂಡು ಬಾ."

ಅಂಗಳದ ತುಂಬ ಹಗ್ಗ ಕಟ್ಟಿದರು. ಮುನ್ನೂರು ಒದ್ದೆ ಟವೆಲು ಹರವುವಷ್ಟರಲ್ಲಿ ತೋಳು ಬಿದ್ದುಹೋದವು. ಅಷ್ಟರೊಳಗೆ ಅರ್ಧ ಗಂಟೆ ಚಾರ್ಜಾಗಿ ವ್ಯಾನು ಹೊರಟಾಗಿತ್ತು.

ಐದಕ್ಕೆ ಯಜಮಾನರು ಬಂದರು. ಅಂಗಳ ನೋಡಿ ಹೌಹಾರಿದರು. "ಇದೇನು ಅವತಾರ? ಡ್ರೈಯರು ನಿಲ್ಲಿಸಿದ್ಯಾರು?"

"ನಾನೇ ಸಾರ್. ಬೈಯೋದು ಆಮೇಲೆ ಬೈಯಿರಿ, ಮೊದಲು ಮೀಟರ್ ನೋಡಿ."

ಅವರು ಕನ್ನಡಕ ಏರಿಸಿ ನೋಡಿದರು. ಅರವತ್ತನಾಲ್ಕು. ಇನ್ನೊಮ್ಮೆ ನೋಡಿದರು. ಹೊರಗಿನವರ ಕರಾರು ಪತ್ರ ಅವರ ಕೈಯಲ್ಲೇ ಇತ್ತು. ಅದನ್ನು ನಾಲ್ಕಾಗಿ ಮಡಿಸಿ ಕಸದ ಬುಟ್ಟಿಗೆ ಹಾಕಿದರು.

"ನಾಳೆ ಏಳಕ್ಕೆ ನಾಲ್ಕೂ ಗಾಡಿ ಹೊರಡಲಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಆಸ್ಪತ್ರೆಯಿಂದ ಮರಳಿದ್ದ ಮಾವ ಎಲ್ಲ ಕೇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಡ್ರೈಯರು ಎರಡೂ ನಿಂತಿದ್ದವು, ಪ್ಲಗ್ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಆದರೂ ಅವರು ಮುಟ್ಟಲಿಲ್ಲ.

"ಮೀಟರಮ್ಮಾ, ಈಗ ಹಾಕ್ಲಾ?"

ಈ ಸಲ ಮೂಗು ಮುರಿಯಲಿಲ್ಲ.

"ಹಾಕಿ ಮಾವ" ಎಂದಳು ಅವಳು. "ಇವತ್ತು ಮೊದಲ ಸರದಿ ನಿಮ್ಮದೇ."