ಜಕಾರದ ಗುಡಿಸು

ಸೈನ್ಯದಲ್ಲಿ ನನಗೆ ಮೊದಲ ಪೆಟ್ಟು ಕೊಟ್ಟವನು ನಮ್ಮದೇ ಕಚೇರಿಯ ಗುಮಾಸ್ತ. ಫಿರಂಗಿಗೆ ಗುರಿ ಹಿಡಿಯುವುದನ್ನು ಹದಿನೆಂಟು ತಿಂಗಳು ಕಲಿತು, ಕೊನೆಯ ಪರೀಕ್ಷೆಯಲ್ಲಿ ನಾನು ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದೆ. ಆ ಪುಣ್ಯಾತ್ಮ ನನ್ನ ಕಡತದಲ್ಲಿ ಜಕಾರಕ್ಕೆ ಎತ್ವ ಕೊಡುವ ಬದಲು ಗುಡಿಸು ಕೊಟ್ಟು ‘ಪ್ರಥಮ ದರ್ಜಿ’ ಎಂದು ಬರೆದ. ಗುಡಿಸು ಕೊಟ್ಟು ನನ್ನ ಹದಿನೆಂಟು ತಿಂಗಳನ್ನೂ ಗುಡಿಸಿ ಹಾಕಿದ.

ಹೊಸ ತುಕಡಿಗೆ ಹೋಗಿ ಸೆಲ್ಯೂಟ್ ಹೊಡೆದು ನಿಂತಾಗ ಅಲ್ಲಿನ ಸಾಹೇಬರ ಮುಖ ಅರಳಿತು. ಅವರ ಹೊಲಿಗೆ ಕೋಣೆಯಲ್ಲಿ ನಾಲ್ಕು ತಿಂಗಳಿಂದ ಜನ ಇರಲಿಲ್ಲವಂತೆ. ಅವರದೇ ಪ್ಯಾಂಟಿನ ಸೊಂಟ ಒಂದು ಪಿನ್ನಿನ ದಯೆಯಿಂದ ನಿಂತಿತ್ತು.

“ದರ್ಜಿನಾ?”

“ಅಲ್ಲ ಸರ್. ದರ್ಜೆ. ನಾನು ಗನ್ನರ್.”

ಸಾಹೇಬರು ಹಾಳೆ ತಿರುಗಿಸಿದರು. ತಂದೆಯ ಉದ್ಯೋಗ ಎಂಬಲ್ಲಿ ನಾನೇ ಕೈಯಾರೆ ಬರೆದಿದ್ದೆ: ದರ್ಜಿ.

“ಇದೂ ದರ್ಜೆನಾ?”

“ಇದು ದರ್ಜಿನೇ ಸರ್. ಅದು ನಮ್ಮಪ್ಪ.”

“ಮತ್ತೆ?”

ಅರ್ಧ ಗಂಟೆಯಲ್ಲಿ ನಾನು ಹೊಲಿಗೆ ಮಿಷನ್ ಮುಂದೆ ಕೂತಿದ್ದೆ, ನನ್ನ ಮುಂದೆ ಸಾಹೇಬರ ಪ್ಯಾಂಟು ಇತ್ತು.

ನಗು ಬರುವ ವಿಷಯವೆಂದರೆ, ನಾನು ಸೈನ್ಯಕ್ಕೆ ಸೇರಿದ್ದೇ ಸೂಜಿಯಿಂದ ತಪ್ಪಿಸಿಕೊಳ್ಳಲು. ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಗೋಡೆಗೆ ಮೊಳೆ, ಮೊಳೆಗೆ ಕಾಗದದ ತೋಳು, ಕಾಗದದ ಕಾಲರು. ಶಾಲೆಯಿಂದ ಬಂದವನು ಚೀಲ ಇಳಿಸುವ ಮೊದಲೇ ಅಪ್ಪ ಏನಾದರೊಂದು ಕೈಗಿಟ್ಟು “ಬಿಚ್ಚು” ಅನ್ನುತ್ತಿದ್ದರು. ನಾನು ಹೊಲಿದದ್ದನ್ನು ನಾನೇ ಬಿಚ್ಚಬೇಕು, ಮತ್ತೆ ಹೊಲಿಯಬೇಕು, ಮತ್ತೆ ಬಿಚ್ಚಬೇಕು. ಹತ್ತೊಂಬತ್ತು ತುಂಬುವಷ್ಟರಲ್ಲಿ ಆ ಒಂದು ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಭರ್ತಿಯ ಕಾಗದ ತೋರಿಸಿದ ದಿನ ಅಪ್ಪ ಕತ್ತರಿ ಕೆಳಗಿಡಲಿಲ್ಲ.

“ಸೂಜಿ ಹಿಡಿಯೋಕೆ ನಾಚಿಕೆ, ಬಂದೂಕು ಹಿಡಿಯೋಕೆ ಹೆಮ್ಮೆ. ಹೋಗು,” ಅಂದರು.

ಅದಕ್ಕೇ ಮನೆಗೆ ನಿಜ ಬರೆಯುವ ಧೈರ್ಯ ನನಗಾಗಲಿಲ್ಲ. ಯಾವ ಮುಖ ಇಟ್ಟುಕೊಂಡು ಬರೆಯಲಿ?

ಹೊಲಿಗೆ ಕೋಣೆಯಲ್ಲಿ ನಾನೊಬ್ಬನೇ ದಾರಿ ತಪ್ಪಿದವನಲ್ಲ. ವಿಮಾನದಿಂದ ಹಾರಲು ಕಲಿತವನು ಅಲ್ಲಿ ಇಸ್ತ್ರಿ ಹಾಕುತ್ತಿದ್ದ. ಅವನನ್ನು ಇಸ್ತ್ರಿಯಣ್ಣ ಅಂತಲೇ ಎಲ್ಲರೂ ಕರೆಯುತ್ತಿದ್ದೆವು. ಸೇತುವೆ ಕಟ್ಟುವವನು ಸಾಹೇಬರ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದ. ಎತ್ತರಕ್ಕೆ ಹೋದರೆ ಇಸ್ತ್ರಿಯಣ್ಣನಿಗೆ ತಲೆ ತಿರುಗುತ್ತಿತ್ತು, ಹಾಗಾಗಿ ಅವನು ಮಾತ್ರ ತನ್ನ ಪಾಲಿನ ತಪ್ಪಿಗೆ ದಿನಾ ಕೈ ಮುಗಿಯುತ್ತಿದ್ದ. ನಾನು ಮೊದಲ ವಾರ ಎಂಟು ಜನರ ತೋಳಿಗೆ ಪಟ್ಟಿಗಳನ್ನು ತಲೆಕೆಳಗಾಗಿ ಹೊಲಿದೆ. ಬೇಕಂತಲೇ ಹೊಲಿದೆ, ಓಡಿಸುತ್ತಾರೆ ಅಂತ. ಓಡಿಸಲಿಲ್ಲ. “ಬಿಚ್ಚು” ಅಂದರು ಸಾಹೇಬರು.

ಬಿಚ್ಚಿ ಮತ್ತೆ ಹೊಲಿದೆ. ಕೈ ನನ್ನ ಮಾತು ಕೇಳಲಿಲ್ಲ, ತನ್ನ ಪಾಡಿಗೆ ತಾನು ಚೆನ್ನಾಗಿ ಹೊಲಿಯಿತು. ಆರು ತಿಂಗಳಲ್ಲಿ ಪಕ್ಕದ ತುಕಡಿಯವರೂ ನನ್ನ ಹತ್ತಿರವೇ ಬರತೊಡಗಿದರು.

ನನ್ನ ಜೊತೆ ತರಬೇತಿ ಮುಗಿಸಿದ ಗೆಳೆಯನೊಬ್ಬ ಅದೇ ಆವರಣದಲ್ಲಿ ಫಿರಂಗಿಯ ಮೇಲಿದ್ದ. ಸದ್ದಿಗೆ ಅವನ ಎಡಗಿವಿ ಹೋಗಿತ್ತು. ಹೆಸರೇ ಅರೆಗಿವಿ ಅಂತ ಆಗಿತ್ತು. ಬಲಗಡೆ ನಿಂತರೆ ಮಾತು, ಎಡಗಡೆ ನಿಂತರೆ ಬರೀ ನಗು.

“ಗುಂಡು ಹಾಕೋಕೆ ಬಂದೋನು ಗುಂಡಿ ಹಾಕ್ತಾ ಕೂತಿದೀಯಲ್ಲೋ,” ಅನ್ನುತ್ತಿದ್ದ. “ನಿನ್ನ ಕೊಂಬು ಕಿತ್ತು ಗುಡಿಸು ಅಂಟಿಸಿದ್ರು.”

ಅವನ ಹರಿದ ಬಟ್ಟೆ ನಾನು ಸರಿಮಾಡಿ ಕೊಡುವುದು, ಅದಕ್ಕೆ ಪ್ರತಿಯಾಗಿ ಅವನು ಆ ವಾರ ಫಿರಂಗಿಯ ಮೇಲೆ ಏನೇನಾಯಿತು ಎಂದು ಹೇಳುವುದು. ಅದನ್ನು ನಾನು ಮನೆಗೆ ಬರೆಯುತ್ತಿದ್ದೆ. ಎಡಗಡೆಯಿಂದ ಗಾಳಿ ಬೀಸಿದರೆ ಗುರಿಯನ್ನು ಎಷ್ಟು ತಿದ್ದಬೇಕು, ಗುಂಡು ಹಾರಿದಾಗ ನೆಲ ಹೇಗೆ ಕಾಲಡಿ ಒದೆಯುತ್ತದೆ ಎಂದೆಲ್ಲ ಬಣ್ಣ ಹಚ್ಚಿ ಬರೆಯುತ್ತಿದ್ದೆ. ಫೋನು ಆಗಿನ್ನೂ ಮನೆಮನೆಗೆ ಬಂದಿರಲಿಲ್ಲ, ನನ್ನ ಅದೃಷ್ಟ.

ಜೊತೆಜೊತೆಗೆ ಅರ್ಜಿಯನ್ನೂ ಹಾಕುತ್ತಿದ್ದೆ. ಕಡತದಲ್ಲಿನ ತಪ್ಪು ತಿದ್ದಿ ನನ್ನನ್ನು ಫಿರಂಗಿಗೆ ಕಳಿಸಿ ಎಂದು ಒಂದು, ಅದರ ನೆನಪೋಲೆ ಎಂದು ಎರಡು. ಕಚೇರಿಯಲ್ಲಿ ಅದಕ್ಕೆ ‘ದರ್ಜಿಯ ಅರ್ಜಿ’ ಅಂತ ಹೆಸರಿಟ್ಟು ನಗುತ್ತಿದ್ದರು. ಮೂರಕ್ಕೂ ಉತ್ತರ ಬರಲಿಲ್ಲ.

ಎರಡನೇ ಸಲ ರಜೆಗೆ ಹೋದಾಗ ನಡೆದದ್ದು ಇದು. ಮಧ್ಯಾಹ್ನ ಊಟವಾಗಿ ಅಮ್ಮ ಒಳಗೆ ಮಲಗಿದ್ದಳು. ಅಪ್ಪ ಅಂಗಡಿಯಲ್ಲಿ ಒಂದು ಕೋಟಿನ ಅಂಚು ಮಡಿಚುತ್ತ, ಸೂಜಿಯನ್ನು ಬೆಳಕಿಗೆ ಹಿಡಿದು ನಾಲ್ಕೈದು ಸಲ ದಾರ ತೂರಿಸಲು ನೋಡಿದರು. ಆಗಲಿಲ್ಲ.

“ಇದೊಂದು ಪೋಣಿಸಿ ಕೊಡು. ಕಣ್ಣು ಮೊದಲಿನ ಹಾಗಿಲ್ಲ.”

ಪೋಣಿಸಿದೆ. ದಾರ ಎಳೆದು, ಹಲ್ಲಲ್ಲಿ ಕಡಿದು, ಹೆಬ್ಬೆರಳು ತೋರುಬೆರಳ ನಡುವೆ ಒಂದೇ ಕೈಯಲ್ಲಿ ಹೊಸೆದು ಗಂಟು ಹಾಕಿ ಕೊಟ್ಟೆ. ಕೊಟ್ಟ ಮೇಲೆ ಗೊತ್ತಾಯಿತು ನಾನೇನು ಮಾಡಿದೆ ಅಂತ. ಅಪ್ಪ ಗಂಟನ್ನೇ ನೋಡುತ್ತಿದ್ದರು.

“ಈ ಗಂಟನ್ನ ಯಾವ ಫಿರಂಗಿ ಮೇಲೆ ಕಲಿಸಿದ್ರು?”

ಎಲ್ಲವನ್ನೂ ಹೇಳಿಬಿಟ್ಟೆ, ಗುಮಾಸ್ತ, ಗುಡಿಸು, ಸಾಹೇಬರ ಪ್ಯಾಂಟು, ಅರೆಗಿವಿ ಹೇಳಿದ ಕಥೆಗಳು. ಓಡಿಹೋದವನು ಕೊನೆಗೆ ಇಲ್ಲಿಗೇ ಬಂದೆಯಾ ಅನ್ನುತ್ತಾರೆ ಎಂದು ತಲೆ ತಗ್ಗಿಸಿ ಕೂತೆ. ಅಪ್ಪ ಹೊಲಿಯುತ್ತಲೇ ಇದ್ದರು.

“ನಂಗೆ ಹೋದ ವರ್ಷವೇ ಗೊತ್ತು,” ಅಂದರು. “ನಿಮ್ಮಮ್ಮ ನಿನ್ನ ಪ್ಯಾಂಟು ಒಗೆದು ಒಣಗಿಸಿದ್ಲು. ಕಾಲಂಚು ತಿರುಗಿಸಿ ನೋಡ್ದೆ. ಮೂರು ಹೊಲಿಗೆ ಮುಂದೆ, ನಾಲ್ಕನೇದು ಹಿಂದಕ್ಕೆ ಬಂದು ಬಿಗಿ. ಒಂದು ಕಡೆ ಕಿತ್ರೂ ಪೂರ್ತಿ ಬಿಚ್ಕೋಬಾರ್ದು ಅಂತ. ಆ ಥರ ಹೊಲಿಯೋನು ಇನ್ನೊಬ್ಬನನ್ನ ನಾನು ನೋಡಿಲ್ಲ. ನನ್ನ ಬಿಟ್ರೆ.”

“ಮತ್ತೆ ಯಾಕೆ ಕೇಳಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ಅಂಗಡಿಗೆ ಬಂದೋರಿಗೆಲ್ಲ ಮಗ ಫಿರಂಗಿ ಹೊಡೀತಾನೆ ಅಂತಾನೇ ಹೇಳ್ಕೊಂಡು ಬಂದಿದೀನಿ. ನಿನ್ನ ಮರ್ಯಾದೆ ನಾನ್ಯಾಕೆ ಕಳೀಲಿ?”

ನನ್ನ ಕಣ್ಣು ತುಂಬಿ ಬಂತು. ಅವರಿಗೆ ಕಾಣದಿರಲಿ ಎಂದು ಬಗ್ಗಿ ನೆಲದ ಮೇಲಿನ ಪಿನ್ನು ಆರಿಸತೊಡಗಿದೆ.

ಒಳಗಿನಿಂದ ಅಮ್ಮನ ಗೊರಕೆ ಕೇಳಿಸುತ್ತಿತ್ತು. ಸಣ್ಣಗೆ ಶುರುವಾಗಿ, ಮೇಲಕ್ಕೆ ಹೋಗಿ, ಅಲ್ಲೇ ಸಿಕ್ಕಿಕೊಂಡು, ಮತ್ತೆ ಇಳಿಯುವ ಗೊರಕೆ. ಅಪ್ಪ ಸೂಜಿಯಿಂದಲೇ ಆ ಕಡೆ ತೋರಿಸಿದರು.

“ಕೇಳಿಸ್ತಾ? ನೀನು ಫಿರಂಗಿ ಹತ್ರ ಇದೀಯ ಅಂತಿದ್ದಾಗ ಇವಳು ಮಲಗ್ತಾನೇ ಇರಲಿಲ್ಲ. ಗೋಡೆಗೆ ಒರಗಿ ಕೂತಿರೋಳು. ಹೆಂಚಿನ ಮೇಲೆ ಬೆಕ್ಕು ನಡೆದ್ರೂ ಬೆಚ್ಚಿ ಬೀಳೋಳು. ಆ ಕಾಲಂಚು ನೋಡಿದ ದಿನ ಹೇಳ್ದೆ, ನಿನ್ನ ಮಗ ಗುಂಡಿ ಹೊಲೀತಿದಾನೆ ಕಣೇ ಅಂತ. ಅವತ್ತು ಶುರುವಾಗಿದ್ದು ಈ ಗೊರಕೆ. ಈಗ ನಂಗೆ ನಿದ್ದೆ ಇಲ್ಲ.”

ಇಬ್ಬರೂ ನಕ್ಕೆವು. ದಾರ ಕಡಿದು ಅಪ್ಪ, “ಅಲ್ಲೇ ಇರ್ತೀಯ ತಾನೆ?” ಅಂದರು.

ಮೂರು ಅರ್ಜಿಗಳು ಕಣ್ಣ ಮುಂದೆ ಬಂದವು. “ಇರ್ತೀನಿ,” ಅಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ವಾಪಸು ಹೋಗುವ ರೈಲಿನಲ್ಲಿ ಕೂತು, ಮೂರೂ ಅರ್ಜಿ ಹಿಂತೆಗೆದುಕೊಳ್ಳುತ್ತೇನೆಂದು ನಾಲ್ಕನೆಯದನ್ನು ಬರೆದೂ ಇದ್ದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಸಾಹೇಬರ ಮುಂದೆ ನಿಂತರೆ, ಅವರ ಮೇಜಿನ ಮೇಲೆ ನನ್ನ ಹೆಸರಿನ ಆದೇಶ ಬಂದು ಕೂತಿತ್ತು. ‘ಸದರಿಯವರ ಕಡತದಲ್ಲಿ ದರ್ಜಿ ಎಂದಿರುವುದನ್ನು ದರ್ಜೆ ಎಂದು ಓದಿಕೊಳ್ಳತಕ್ಕದ್ದು.’

“ಬೇಡ ಅಂದ್ರೆ ಈಗ್ಲೇ ಹೇಳಪ್ಪ,” ಅಂದರು ಸಾಹೇಬರು. “ಇಲ್ಲೇ ಇಟ್ಕೊಳ್ಳೋಕೆ ನಂಗೊಂದು ಕಾಗದ ಸಾಕು. ಗಡಿ ಕಡೆ ಯಾಕೋ ಬಿಸಿ ಜಾಸ್ತಿಯಾಗಿದೆ.”

ಆ ಕಾಗದ ನನ್ನ ಜೇಬಿನಲ್ಲೇ ಇತ್ತು. ಅಮ್ಮನ ಗೊರಕೆಯೂ ನೆನಪಿತ್ತು. ಆದರೂ ಆದೇಶ ಓದಿದಾಗ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹೊಲಿಗೆ ಅಪ್ಪ ಕೊಟ್ಟದ್ದು. ಗುರಿ ಹಿಡಿಯುವುದು ಮಾತ್ರ ನಾನೇ ಹುಡುಕಿಕೊಂಡು ಹೋಗಿ, ನಾನೇ ಕಲಿತದ್ದು, ನಾನೇ ಗೆದ್ದದ್ದು. “ಹೋಗ್ತೀನಿ ಸರ್,” ಅಂದೆ. ಅವರ ಪ್ಯಾಂಟನ್ನು ಕೊನೆಯದಾಗಿ ಒಮ್ಮೆ ಸರಿಮಾಡಿ ಕೊಟ್ಟು ಹೊರಟೆ.

ಅಲ್ಲಿಂದ ಕಾಗದಗಳು ತಿರುಗುಮುರುಗಾದವು. ಈಗ ಇಸ್ತ್ರಿಯಣ್ಣ ನನಗೆ ಬರೆಯುತ್ತಿದ್ದ: ಹೊಸ ಮಿಷನ್ ಬಂತು, ಬಾಬಿನ್ನು ಕಚ್ಚಿಕೊಳ್ಳುತ್ತಿದೆ, ಯಾರದೋ ಕಾಜಾ ದೊಡ್ಡದಾಗಿ ಗುಂಡಿ ನಿಲ್ಲುತ್ತಿಲ್ಲ. ಅದನ್ನೇ ನನ್ನದೆಂದು ನಾನು ಮನೆಗೆ ಬರೆಯುತ್ತಿದ್ದೆ. ಮರಳಿನ ಮೂಟೆಗಳ ಹಿಂದೆ, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಬೆರಳಲ್ಲಿ ಮದ್ದಿನ ಕಪ್ಪು ಹಿಡಿದಿರುವಾಗ, ಈ ವಾರ ನಾನ್ನೂರು ಗುಂಡಿ ಹಾಕಿದೆ ಅಮ್ಮ ಎಂದು ಬರೆದದ್ದು ನೆನಪಿದೆ. ನಾನ್ನೂರು ಎಂಬುದು ಅಷ್ಟೇನೂ ಸುಳ್ಳಲ್ಲ, ಒಂದು ಗುಡಿಸಿನ ವ್ಯತ್ಯಾಸ.

ಒಂಬತ್ತು ತಿಂಗಳಾದ ಮೇಲೆ ರಜೆ ಸಿಕ್ಕಿತು. ಹೊರಡುವ ಮುನ್ನ ಎರಡು ದಿನ ಕೂತು ನನ್ನೆಲ್ಲ ಬಟ್ಟೆಯ ಅಂಚುಗಳನ್ನು ಬಿಚ್ಚಿ ಹೊಸದಾಗಿ ಹೊಲಿದೆ. ಮೂರು ಮುಂದೆ, ನಾಲ್ಕನೆಯದು ಹಿಂದಕ್ಕೆ. ಅಪ್ಪ ಎಷ್ಟು ಸಲ ತಿರುಗಿಸಿ ನೋಡಿದರೂ ಒಂದೇ ಒಂದು ತಪ್ಪು ಸಿಗಬಾರದು ಎಂದು ಕಣ್ಣಲ್ಲಿ ಕಣ್ಣಿಟ್ಟು ಹೊಲಿದೆ.

ಅಪ್ಪ ನೋಡಿದರು ಕೂಡ. ನಾನು ಮನೆ ಸೇರಿದ ಮರುದಿನ, ಒಣಗಿದ ಪ್ಯಾಂಟನ್ನು ಮಡಿಚುವ ನೆಪದಲ್ಲಿ ಕಾಲಂಚು ತಿರುಗಿಸಿ, ಬೆರಳಾಡಿಸಿ, “ಹೂಂ” ಅಂದರು. ಗೆದ್ದೆ ಅಂದುಕೊಂಡೆ.

ಆ ಮಧ್ಯಾಹ್ನ ಅಂಗಡಿಯಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಯಾರೋ ಭುಜ ಮುಟ್ಟಿದಂತಾಗಿ ತಿರುಗಿದರೆ ಅಮ್ಮ. ಅವಳ ಮುಖದಲ್ಲಿ ನೆತ್ತರೇ ಇರಲಿಲ್ಲ.

“ಆಗಿಂದ ಕರೀತಿದೀನಿ. ನಾಲ್ಕು ಸಲ ಕರೆದೆ. ಕೇಳಿಸ್ಲಿಲ್ವೇನೋ?”

ಅವಳು ಬಂದದ್ದು ನನ್ನ ಎಡಗಡೆಯ ಬಾಗಿಲಿನಿಂದ. ಅರೆಗಿವಿಯ ಕಥೆಯನ್ನು ಮೊದಲ ವರ್ಷದ ಕಾಗದದಲ್ಲಿ ನಾನೇ ನಗುನಗುತ್ತಾ ಬರೆದಿದ್ದೆ. ಮನೆಯಲ್ಲಿ ಆ ಕಾಗದ ಓದಿ ಹೇಳುತ್ತಿದ್ದವರು ಅಪ್ಪ. ಅವರು ಕತ್ತರಿ ನಿಲ್ಲಿಸಿ ನನ್ನ ಎಡಗಿವಿಯನ್ನು ನೋಡಿದರು, ಆಮೇಲೆ ನನ್ನ ಕಣ್ಣನ್ನು ನೋಡಿದರು.

“ಮಿಷನ್ ಸದ್ದು ಕಣೇ,” ಅಂದರು ಅಮ್ಮನಿಗೆ. “ಅಲ್ಲಿ ಹತ್ತು ಮಿಷನ್ ಒಟ್ಟಿಗೆ ಓಡ್ತವೆ. ನಂಗೂ ಚಿಕ್ಕ ವಯಸ್ಸಲ್ಲಿ ಹಿಂಗೇ ಆಗಿತ್ತು. ಹೊಲಿಯೋರಿಗೆಲ್ಲ ಆಗುತ್ತೆ.”

“ಹೌದಾ? ನೀವು ಯಾವತ್ತೂ ಹೇಳಲೇ ಇಲ್ಲ.”

“ನೀನು ಮಾತಾಡೋದು ಕೇಳಿಸದೇ ಇದ್ದಿದ್ದು ನಂಗೆ ಅನುಕೂಲವಾಗಿತ್ತು. ಹೇಳಿ ಯಾಕೆ ಕೆಡಿಸ್ಕೊಳ್ಲಿ?”

ಅಮ್ಮ ನಕ್ಕು ಅವರ ಬೆನ್ನಿಗೊಂದು ಗುದ್ದಿ, ನನ್ನ ಕಿವಿಯನ್ನು ಒಮ್ಮೆ ಸವರಿ, ಬಿಸಿಬಿಸಿ ಎಣ್ಣೆ ಹಾಕ್ತೀನಿ ಸಾಯಂಕಾಲ ಎಂದು ಹೇಳಿ ಮಲಗಲು ಒಳಗೆ ಹೋದಳು.

ಅಪ್ಪ ಎದ್ದರು. ತಮ್ಮ ಸ್ಟೂಲನ್ನು ಎತ್ತಿ ತಂದು ನನ್ನ ಬಲಗಡೆ ಹಾಕಿಕೊಂಡು ಕೂತರು. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಅವರು ಕೋಟಿನ ಬಟ್ಟೆಯ ತುಂಡೊಂದನ್ನು ಮೊಣಕಾಲ ಮೇಲೆ ಹರಡಿ, ಸೀಮೆಸುಣ್ಣವನ್ನು ನನ್ನ ಕೈಗಿಟ್ಟರು.

“ಎಡಗಡೆಯಿಂದ ಗಾಳಿ ಬಂದ್ರೆ ಗುರಿ ಎಷ್ಟು ತಿದ್ಬೇಕು ಅಂತ ಬರೆದಿದ್ಯಲ್ಲ. ನಂಗೆ ಸರಿಯಾಗಿ ಗೊತ್ತಾಗಿರಲಿಲ್ಲ. ಬರೆದು ತೋರಿಸು.”

ಬಟ್ಟೆಯ ಮೇಲೆ ಗೆರೆ ಎಳೆದು ತೋರಿಸಿದೆ. ಇಲ್ಲಿ ನಾವು, ಅಲ್ಲಿ ಗುರಿ, ಗಾಳಿ ಈ ಕಡೆಯಿಂದ. ಅಪ್ಪ ಕನ್ನಡಕ ಮೂಗಿನ ತುದಿಗಿಳಿಸಿ, ಬೆರಳಿಟ್ಟು ಗೆರೆಯ ಜೊತೆಗೇ ಹೋದರು. ಒಂದು ಕಡೆ ತಡೆದು, “ಇದು ಸೊಟ್ಟ ಆಯ್ತು, ಅಳಿಸಿ ಇನ್ನೊಂದ್ಸಲ ಎಳಿ,” ಅಂದರು. ಬಿಚ್ಚು ಅನ್ನಲಿಲ್ಲ.

ಮತ್ತೆ ಎಳೆಯುತ್ತಿದ್ದಾಗ ಅವರು ಎಡಗಡೆಯ ಒಳಬಾಗಿಲ ಕಡೆ ಕತ್ತು ಚಾಚಿ ಕಿವಿಗೊಟ್ಟರು. ಮುಖ ಸಡಿಲವಾಯಿತು.

“ಶುರು ಮಾಡಿದ್ಲು ನೋಡು. ಕೇಳಿಸ್ತಾ?”

ನಾನೂ ಕತ್ತು ಆ ಕಡೆ ತಿರುಗಿಸಿದೆ. ನನ್ನ ಬಲಗಿವಿಗೆ ಬೀದಿಯ ಸೈಕಲ್ ಗಂಟೆ ಬಿತ್ತು, ಗೋಡೆಯ ಕಾಗದದ ತೋಳುಗಳ ಸರಪರ ಬಿತ್ತು. ಅಷ್ಟೇ.

“ಕೇಳಿಸ್ತು,” ಅಂದೆ.